ಹೊಸಬರ ಸಂತೋಷಕೂಟ

ಕಾಲೇಜುಗಳ ಬಾಗಿಲು ತೆರೆದು ಕೆಲವು ವಾರ ಕಳೆಯುವಷ್ಟರಲ್ಲಿ ಪ್ರಕಟಣೆಯ ಹಲಗೆಯ ಮೇಲೆ ಬಣ್ಣದ ಕಾಗದವೊಂದು ಕಾಣಿಸಿಕೊಳ್ಳುತ್ತದೆ. ಅಧ್ಯಾಪಕರ ಬಾಯಲ್ಲಿ ಅದು ‘ಸ್ವಾಗತ ಸಮಾರಂಭ’. ವಿದ್ಯಾರ್ಥಿಗಳ ಬಾಯಲ್ಲಿ ‘ಫ್ರೆಷರ್ಸ್ ಪಾರ್ಟಿ’. ಹೆಸರು ಎರಡಾದಂತೆ ಸಮಾರಂಭವೂ ಹಲವು ಕಡೆ ಎರಡಾಗಿಯೇ ನಡೆಯುತ್ತದೆ. ಹಗಲಿನಲ್ಲಿ ಸಭಾಂಗಣದಲ್ಲಿ ದೀಪ ಬೆಳಗಿ, ಪ್ರಾರ್ಥನೆ ಹಾಡಿ, ಪ್ರಾಂಶುಪಾಲರ ಹಿತವಚನದೊಂದಿಗೆ ಮುಗಿಯುವುದು ಒಂದು. ಅದೇ ಸಂಜೆ ಊರಂಚಿನ ಯಾವುದೋ ಹೋಟೆಲಿನಲ್ಲಿ, ಇಲ್ಲವೆ ಗೆಳೆಯರ ಬಾಡಿಗೆ ಮನೆಯ ತಾರಸಿಯ ಮೇಲೆ ಆರಂಭವಾಗುವುದು ಇನ್ನೊಂದು. ಮೊದಲನೆಯದರಲ್ಲಿ ಅಪಾಯವಿಲ್ಲ, ಸಂತೋಷವೂ ಅಷ್ಟಕ್ಕಷ್ಟೆ. ಎರಡನೆಯದರಲ್ಲಿ ಸಂತೋಷವಿದೆ, ಅಪಾಯವೂ ಅದರ ಬೆನ್ನಿಗೇ ಇದೆ. ಈ ಎರಡನೆಯ ಕೂಟವನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಈ ವಿಷಯದಲ್ಲಿ ಹಿರಿಯರದು ಎರಡು ಪಕ್ಷ. ‘ಓದಲು ಕಳಿಸಿದ ಮಕ್ಕಳಿಗೆ ಕೂಟವೇಕೆ? ನಿಲ್ಲಿಸಿಬಿಡಿ’ ಎಂಬುದು ಒಂದು ಪಕ್ಷ. ‘ವಯಸ್ಸಿನ ಹುಡುಗರು; ಏನೋ ಮಾಡಿಕೊಳ್ಳಲಿ, ನಮಗೆ ತಿಳಿಯದಿದ್ದರೆ ಸಾಕು’ ಎಂಬುದು ಇನ್ನೊಂದು. ನಿಷೇಧಿಸುವವರೂ ಕಣ್ಣು ಮುಚ್ಚುವವರೂ ಪರಸ್ಪರ ವಿರೋಧಿಗಳಂತೆ ತೋರಿದರೂ ಇಬ್ಬರಿಂದಲೂ ಆಗುವ ಪರಿಣಾಮ ಒಂದೇ. ಕೂಟ ಕತ್ತಲೆಗೆ ಹೋಗುತ್ತದೆ. ಕತ್ತಲೆಗೆ ಹೋದ ಕೂಟದಲ್ಲಿ ಏನಾದರೂ ಅನಾಹುತ ನಡೆದರೆ ಅಲ್ಲಿದ್ದ ಹುಡುಗ ಹುಡುಗಿಯರಿಗೆ ಮೊದಲು ಹೊಳೆಯುವುದು ‘ಯಾರನ್ನು ಕರೆಯಬೇಕು’ ಎಂಬ ಪ್ರಶ್ನೆಯಲ್ಲ, ‘ಯಾರಿಂದ ಮುಚ್ಚಿಡಬೇಕು’ ಎಂಬ ಪ್ರಶ್ನೆ.

ಕೂಟವೇ ಬೇಡವೆನ್ನುವವರು ಹೊಸ ವಿದ್ಯಾರ್ಥಿಯ ಮೊದಲ ತಿಂಗಳನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು. ಸಿಂಧನೂರಿನಿಂದಲೋ ಹೊಸದುರ್ಗದಿಂದಲೋ ಬೆಂಗಳೂರಿಗೆ ಬಂದಿಳಿದ ಹುಡುಗನಿಗೆ ಊಟದ ರುಚಿ ಬೇರೆ, ಮಾತಿನ ಧಾಟಿ ಬೇರೆ, ತರಗತಿಯ ಭಾಷೆಯಂತೂ ಸಂಪೂರ್ಣ ಬೇರೆ. ಊರಿನಲ್ಲಿ ಇಂಥವರ ಮಗನೆಂದು ಗುರುತಿಸುತ್ತಿದ್ದವರು ಇಲ್ಲಿ ಯಾರೂ ಇಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಈ ಒಂಟಿತನ ಇನ್ನೂ ಭಾರವಾದದ್ದು. ಅವಳು ಮನೆಗೆ ಫೋನು ಮಾಡಿ ‘ಚೆನ್ನಾಗಿದ್ದೇನವ್ವ’ ಎಂದು ಹೇಳುವುದೇ ಒಂದು ಸಾಹಸ. ಇಂಥವರಿಗೆ ನಾಲ್ಕು ಮಂದಿ ಹೆಸರು ಹಿಡಿದು ಕರೆಯುವಂತಾಗಲು ಪಾಠಕ್ಕಿಂತ ಹೆಚ್ಚಾಗಿ ಕೂಟವೇ ಬೇಕು. ಕೂಡಿ ನಕ್ಕವರು ಮರುದಿನ ಟಿಪ್ಪಣಿಯನ್ನೂ ಹಂಚಿಕೊಳ್ಳುತ್ತಾರೆ, ಜ್ವರ ಬಂದಾಗ ಗಂಜಿಯನ್ನೂ ತಂದುಕೊಡುತ್ತಾರೆ.

ವಿದ್ಯಾರ್ಥಿಗಳ ಕೂಟವೆಂದರೆ ಕಾಲಹರಣವೇ ಎಂದು ತಿಳಿಯಬೇಕಾಗಿಯೂ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಪ್ರೇರಣೆಯಿಂದ ಸೇರಿದ ಕರ್ನಾಟಕ ಸಂಘದಿಂದಲೇ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಎಲ್ಲ ಕೂಟಗಳೂ ಪತ್ರಿಕೆ ಹುಟ್ಟಿಸಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ತರುಣರು ಒಟ್ಟಿಗೆ ಸೇರುವುದರಲ್ಲಿ ಒಂದು ಶಕ್ತಿಯಿದೆ. ಅದಕ್ಕೆ ಹೆದರುವುದು ಹಿರಿಯರಿಗೆ ಶೋಭೆಯಲ್ಲ.

ಹಾಗಾದರೆ ಒಳ್ಳೆಯ ಕೂಟಕ್ಕೂ ಕೆಟ್ಟ ಕೂಟಕ್ಕೂ ವ್ಯತ್ಯಾಸವೇನು? ಇದಕ್ಕೆ ಉತ್ತರ ನಮ್ಮ ಮದುವೆಯ ಪಂಕ್ತಿಯಲ್ಲಿಯೇ ಇದೆ. ಪಂಕ್ತಿಯಲ್ಲಿ ಒತ್ತಾಯ ಮಾಡುವುದು ಉಪಚಾರದ ಒಂದು ಅಂಗ. ಹೋಳಿಗೆ ಹಿಡಿದು ಬಂದವರು ‘ಇನ್ನೊಂದು’ ಎನ್ನುತ್ತಾರೆ. ಉಣ್ಣುವವರು ‘ಸಾಕು’ ಎನ್ನುತ್ತಾರೆ. ‘ಅರ್ಧವಾದರೂ ಆಗಲಿ’ ಎಂದು ಅವರು. ‘ದಮ್ಮಯ್ಯ, ಬೇಡ’ ಎಂದು ಇವರು. ಕಟ್ಟಕಡೆಗೆ ಉಣ್ಣುವವರು ಎರಡು ಕೈಗಳನ್ನೂ ಎಲೆಗೆ ಅಡ್ಡ ಹಿಡಿದು ಬಾಗಿಬಿಡುತ್ತಾರೆ. ಅಲ್ಲಿಗೆ ಒತ್ತಾಯ ಮುಗಿಯಿತು. ಬಡಿಸುವವರು ನಕ್ಕು ಮುಂದಿನ ಎಲೆಗೆ ಹೋಗುತ್ತಾರೆ. ಅಡ್ಡ ಹಿಡಿದ ಕೈಯ ಮೇಲೆ ಬಿಸಿ ತುಪ್ಪ ಸುರಿಯುವ ಬೀಗರನ್ನು ಯಾರೂ ಕಂಡಿಲ್ಲ. ಒತ್ತಾಯಕ್ಕೆ ಒಂದು ಗಡಿಯಿದೆ, ಆ ಗಡಿಯನ್ನು ಗುರುತಿಸುವ ಹಕ್ಕು ಅತಿಥಿಯದು ಎಂಬ ಒಪ್ಪಂದವಿರುವುದರಿಂದಲೇ ಆ ಒತ್ತಾಯ ಹಿತವಾಗಿರುತ್ತದೆ.

ಕಾಲೇಜಿನ ಕೂಟಕ್ಕೆ ಬೇಕಾದುದೂ ಈ ಒಂದೇ ಶಿಷ್ಟಾಚಾರ. ಹೊಸಬನು ‘ಬೇಡ’ ಎಂದಾಗ ಆ ಮಾತಿಗೆ ಬೆಲೆಯಿರಬೇಕು. ಬೇಡವೆಂದ ಮೇಲೂ ಅವನು ಅವರಲ್ಲೊಬ್ಬನಾಗಿಯೇ ಉಳಿಯಬೇಕು. ಲೋಟವನ್ನು ಬೇಡವೆಂದವನಿಗೂ, ಕುಣಿಯಲಾರೆನೆಂದವಳಿಗೂ, ಹತ್ತು ಗಂಟೆಗೆ ಹೊರಡುತ್ತೇನೆಂದವರಿಗೂ ಮರುದಿನ ಅದೇ ಬೆಂಚಿನಲ್ಲಿ ಅದೇ ಜಾಗವಿದ್ದರೆ ಅದು ಸಂತೋಷಕೂಟ. ‘ಬೇಡ’ ಎಂದದ್ದಕ್ಕೆ ಸುಂಕ ತೆರಬೇಕಾಗಿ ಬಂದರೆ ಅದಕ್ಕೆ ಬೇರೆ ಹೆಸರಿದೆ. ಕಾನೂನು ಅದನ್ನು ರ‍್ಯಾಗಿಂಗ್ ಎನ್ನುತ್ತದೆ.

ಆ ಕಾನೂನು ಹುಟ್ಟಿದ್ದು ಸುಮ್ಮನೆ ಅಲ್ಲ. 2001ರಲ್ಲಿಯೇ ಸುಪ್ರೀಂ ಕೋರ್ಟು ಈ ಪಿಡುಗನ್ನು ತಡೆಯಲು ನಿರ್ದೇಶನಗಳನ್ನು ಕೊಟ್ಟಿತು. ಅನಂತರ ಅದೇ ನ್ಯಾಯಾಲಯದ ಆದೇಶದಂತೆ ಸಿ.ಬಿ.ಐ. ಸಂಸ್ಥೆಯ ಮಾಜಿ ನಿರ್ದೇಶಕರಾದ ಆರ್. ಕೆ. ರಾಘವನ್ ಅವರ ಸಮಿತಿ ವಿಚಾರಣೆ ನಡೆಸಿ 2007ರಲ್ಲಿ ವರದಿಯೊಪ್ಪಿಸಿತು. ಇಷ್ಟಾದರೂ 2009ರ ಮಾರ್ಚಿಯಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ, ಕುಡಿದು ಬಂದ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಮೊದಲ ವರ್ಷದ ಹುಡುಗನೊಬ್ಬ ತೀರಿಕೊಂಡ. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಟ್ಟುನಿಟ್ಟಾದ ನಿಯಮಾವಳಿ ಜಾರಿಗೆ ಬಂತು. ಸೇರುವಾಗ ವಿದ್ಯಾರ್ಥಿಯೂ ತಂದೆತಾಯಿಯೂ ಬರೆದುಕೊಡುವ ಮುಚ್ಚಳಿಕೆ, ಹಗಲಿರುಳೂ ದೂರು ಕೇಳುವ 1800-180-5522 ಎಂಬ ದೂರವಾಣಿ, ಎಲ್ಲವೂ ಆ ಸರಣಿಯಲ್ಲಿಯೇ ಬಂದವು.

ಆ ನಿಯಮಾವಳಿಯನ್ನು ಹೆಸರಿಸುವವರು ಬಹುಮಂದಿ, ಓದಿದವರು ಕಡಮೆ. ಓದಿದವರಿಗೆ ಅದರಲ್ಲಿ ಒಂದು ವಿಶೇಷ ಕಾಣುತ್ತದೆ. ಅದು ಸ್ವಾಗತ ಕೂಟವನ್ನು ನಿಷೇಧಿಸುವುದಿಲ್ಲ, ನಡೆಸಬೇಕೆಂದೇ ಹೇಳುತ್ತದೆ. ಪ್ರತಿಯೊಂದು ವಿಭಾಗದಲ್ಲಿಯೂ ಹಿರಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಜೊತೆಗೂಡಿ, ಆದಷ್ಟು ಮಟ್ಟಿಗೆ ಮೊದಲ ಎರಡು ವಾರಗಳೊಳಗೆ, ಹೊಸಬರನ್ನು ಬರಮಾಡಿಕೊಳ್ಳಬೇಕೆಂಬುದು ಅದರ ಆಶಯ. ಕಾನೂನು ಬರೆದವರಿಗೆ ಇದ್ದ ಈ ವಿವೇಕ ನಮ್ಮ ಎಷ್ಟೋ ಆಡಳಿತ ಮಂಡಳಿಗಳಿಗೆ ಇಲ್ಲ. ಅವರು ನಿಯಮದ ಅರ್ಧವನ್ನು ಗೋಡೆಯ ಮೇಲೆ ಬರೆಸುತ್ತಾರೆ; ಉಳಿದರ್ಧವನ್ನು ಭಾಷಣ ಮಾಡಿ ಮುಗಿಸುತ್ತಾರೆ.

ಇನ್ನು ಎಲ್ಲರೂ ಪಿಸುಗುಟ್ಟುವ ಮದ್ಯದ ವಿಷಯ. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸುವ ಪ್ರಸ್ತಾಪ ಬಂದು, ಜನರ ಆಕ್ಷೇಪಣೆಯಿಂದಾಗಿ ಕೈಬಿಟ್ಟುಹೋಯಿತು. ಆದ್ದರಿಂದ ಮೊದಲ ವರ್ಷದ ವಿದ್ಯಾರ್ಥಿಗೆ ಇದು ಸಲ್ಲದು ಎಂಬುದು ನಿರ್ವಿವಾದ. ಆದರೆ ಸಲ್ಲದು ಎಂದೊಡನೆ ಇಲ್ಲವಾಗುವುದಿಲ್ಲವಷ್ಟೆ. ಇರುವ ಕಡೆಗೆ ಹೋಗಿ ಸಿಕ್ಕಿಕೊಂಡವರಿಗೆ ತಿಳಿವಳಿಕೆಯೇ ರಕ್ಷೆ. ಅದನ್ನು ಹೇಳಿದರೆ ಕುಡಿತವನ್ನು ಕಲಿಸಿದಂತಾಗುತ್ತದೆ ಎಂಬ ಹೆದರಿಕೆ, ಈಜು ಕಲಿಸಿದರೆ ಹೊಳೆಗೆ ನೂಕಿದಂತೆ ಎಂದು ಹೇಳಿದ ಹಾಗೆ.

ತಿಳಿಯಬೇಕಾದ ಸಂಗತಿಗಳು ಹೆಚ್ಚಿಲ್ಲ. ರಕ್ತಕ್ಕೆ ಸೇರಿದ ಮದ್ಯವನ್ನು ಯಕೃತ್ತು ತನ್ನದೇ ನಿಧಾನಗತಿಯಲ್ಲಿ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ಕೆಲಸವನ್ನು ಚುರುಕುಗೊಳಿಸಲಾರದು. ಖಾಲಿ ಹೊಟ್ಟೆಯಲ್ಲಿ ಅದು ಬಹುಬೇಗ ತಲೆಗೇರುತ್ತದೆ. ಒಂದೇ ತೂಕದ ಗಂಡು ಹೆಣ್ಣು ಒಂದೇ ಅಳತೆ ಕುಡಿದರೂ ಹೆಣ್ಣಿನ ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ತಂಪು ಪಾನೀಯದಲ್ಲಿ ಬೆರೆಸಿಟ್ಟರೆ ಎಷ್ಟು ಬೆರೆತಿದೆಯೆಂದು ನಾಲಗೆ ಹೇಳಲಾರದು. ಆದಕಾರಣ ತನ್ನ ಲೋಟವನ್ನು ತಾನೇ ತುಂಬಿಕೊಳ್ಳುವುದು, ಕೈಬಿಟ್ಟುಹೋದ ಲೋಟವನ್ನು ಮತ್ತೆ ಮುಟ್ಟದಿರುವುದು ಜಾಣತನ. ಹೊರಡುವ ಮೊದಲು ಹೊಟ್ಟೆ ತುಂಬ ಉಂಡು ಹೋದವರಿಗೆ ಕೂಟ ಹಗುರವಾಗಿರುತ್ತದೆ. ಕುಡಿಯುವವರಿಗೂ ಕುಡಿಯದವರಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲಕ್ಕಿಂತ ಅಪಾಯಕರವಾದ ಮಾತು ಒಂದುಂಟು: ‘ಮಲಗಿಸಿ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತಾನೆ.’ ಪ್ರಜ್ಞೆ ತಪ್ಪಿ ಮಲಗಿದವನ ಹೊಟ್ಟೆಯಲ್ಲಿದ್ದ ಮದ್ಯ ಆ ಮೇಲೂ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅಂಗಾತ ಮಲಗಿದವನು ವಾಂತಿ ಮಾಡಿದರೆ ಅದು ಉಸಿರಿನ ದಾರಿಗೆ ಅಡ್ಡವಾಗಿ ಪ್ರಾಣವನ್ನೇ ತೆಗೆಯಬಹುದು. ಕರೆದರೆ ಓಗೊಡದಿದ್ದರೆ, ಉಸಿರು ತೀರ ನಿಧಾನವಾಗಿ ತಡೆತಡೆದು ಬರುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ, ಅದು ನಿದ್ರೆಯಲ್ಲ. ಅವನನ್ನು ಮಗ್ಗುಲಾಗಿ ಮಲಗಿಸಿ, ಒಂಟಿಯಾಗಿ ಬಿಡದೆ, ಆ ಕ್ಷಣವೇ 108ಕ್ಕೋ 112ಕ್ಕೋ ಕರೆ ಮಾಡಬೇಕು. ಇಷ್ಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕ್ರಮಾಂಕದಂತೆ ನೆನಪಿಟ್ಟುಕೊಳ್ಳಬೇಕು.

ಆದರೆ ಆ ಕರೆ ಮಾಡಲು ಹುಡುಗರು ಏಕೆ ಹಿಂಜರಿಯುತ್ತಾರೆ? ವಾರ್ಡನ್ ಕೇಳಿದರೆ ಏನು ಗತಿ, ಮನೆಗೆ ಪತ್ರ ಹೋದರೆ, ಹಾಸ್ಟೆಲಿನಿಂದ ಹೊರಗೆ ಹಾಕಿದರೆ ಎಂಬ ಭಯ. ಈ ಭಯದಲ್ಲಿ ಕಳೆದ ಅರ್ಧ ಗಂಟೆ ಒಂದು ಜೀವದ ಬೆಲೆಯಾಗಬಹುದು. ನನ್ನ ದೃಢವಾದ ಅಭಿಪ್ರಾಯವೇನೆಂದರೆ, ಅಪಾಯದಲ್ಲಿರುವ ಗೆಳೆಯನಿಗಾಗಿ ನೆರವು ಕೇಳಿದವರನ್ನೂ ನೆರವು ಪಡೆದವನನ್ನೂ ಆ ರಾತ್ರಿಯ ಕುಡಿತಕ್ಕಾಗಿ ಶಿಕ್ಷಿಸುವುದಿಲ್ಲವೆಂದು ಪ್ರತಿಯೊಂದು ಕಾಲೇಜೂ ಮೊದಲ ದಿನವೇ ಸಾರಿ ಹೇಳಬೇಕು. ಹೀಗೆ ಮಾಡಿದರೆ ಶಿಸ್ತು ಸಡಿಲವಾಗದೆ ಎಂದು ಕೇಳಬಹುದು. ಶಿಸ್ತನ್ನು ಕಾಪಾಡಲು ವರ್ಷದಲ್ಲಿ ಉಳಿದ ದಿನಗಳಿವೆ. ಪ್ರಾಣವನ್ನು ಕಾಪಾಡಲು ಆ ಅರ್ಧ ಗಂಟೆ ಬಿಟ್ಟರೆ ಬೇರೆ ಹೊತ್ತಿಲ್ಲ.

ಹಾಸ್ಟೆಲಿನ ಗೇಟಿನ ಮಾತೂ ಇದಕ್ಕೆ ಸೇರಿದ್ದೇ. ಹುಡುಗಿಯರ ಹಾಸ್ಟೆಲುಗಳಲ್ಲಿ ಇಂತಿಷ್ಟು ಗಂಟೆಗೆ ಬೀಗ ಬೀಳುತ್ತದೆ. ಅದು ಅವರ ರಕ್ಷಣೆಗಾಗಿ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಬಂದವಳಿಗೆ ಅದು ರಕ್ಷಣೆಯೇ. ಹತ್ತು ನಿಮಿಷ ತಡವಾದವಳಿಗೆ? ಬೈಗುಳಕ್ಕೆ ಅಂಜಿ ಅವಳು ಅರೆಪರಿಚಿತರ ಮನೆಯಲ್ಲಿ ಬೆಳಗಿನವರೆಗೆ ಉಳಿಯುತ್ತಾಳೆ. ಬೀಗ ಅಪಾಯವನ್ನು ಹೊರಗಿಟ್ಟಿತೋ, ಹುಡುಗಿಯನ್ನು ಹೊರಗಿಟ್ಟಿತೋ? ತಡವಾಗಿ ಬಂದವಳ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳಲಿ, ಬೆಳಗ್ಗೆ ವಿಚಾರಿಸಲಿ; ರಾತ್ರಿ ಮಾತ್ರ ಬಾಗಿಲು ತೆರೆಯಲಿ.

ಹುಡುಗಿಯರಿಗೆ ಬುದ್ಧಿ ಹೇಳುವುದರಲ್ಲಿ ನಮ್ಮ ಸಮಾಜ ಎಂದೂ ಜಿಪುಣತನ ತೋರಿದ್ದಿಲ್ಲ. ಹೇಗೆ ಉಡಬೇಕು, ಯಾರೊಡನೆ ಹೋಗಬೇಕು, ಎಷ್ಟು ನಗಬೇಕು ಎಂಬುದನ್ನೆಲ್ಲ ಅವರು ಕೇಳಿ ಕೇಳಿ ದಣಿದಿದ್ದಾರೆ. ಅದರಲ್ಲಿ ಅರ್ಧದಷ್ಟನ್ನಾದರೂ ಹುಡುಗರಿಗೆ ಹೇಳಿದ್ದರೆ ಇಂದು ಇಷ್ಟು ಬರೆಯುವ ಅವಶ್ಯಕತೆ ಇರುತ್ತಿರಲಿಲ್ಲ. ಜೊತೆಯಲ್ಲಿ ಕುಣಿದದ್ದು ಬೇರೆ ಯಾವುದಕ್ಕೂ ಒಪ್ಪಿಗೆಯಲ್ಲ, ಮೌನ ಒಪ್ಪಿಗೆಯಲ್ಲ, ಅಮಲಿನಲ್ಲಿರುವವಳ ‘ಹೂಂ’ ಕೂಡ ಒಪ್ಪಿಗೆಯಲ್ಲ. ಕೇಳದೆ ತೆಗೆದ ಚಿತ್ರವನ್ನು ಹತ್ತು ಜನರ ಫೋನಿಗೆ ಹರಿಯಬಿಡುವುದು ತಮಾಷೆಯಲ್ಲ. ಇವನ್ನು ಹೇಳಬೇಕಾದವರು ಹಿರಿಯ ವಿದ್ಯಾರ್ಥಿಗಳು. ಹೊಸ ಹುಡುಗರು ಪ್ರಾಂಶುಪಾಲರ ಮಾತಿಗಿಂತ ಅವರ ನಡತೆಯನ್ನೇ ಹೆಚ್ಚು ಗಮನಿಸುತ್ತಾರೆ.

ಮನೆಗೆ ಮರಳುವ ದಾರಿಯೂ ಕೂಟದ ಒಂದು ಭಾಗ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯವಿದ್ದು ವಾಹನ ನಡೆಸಿದರೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ದಂಡ ಕಟ್ಟಿಯಾದರೂ ಮುಗಿಸಬಹುದು. ಒಂದು ಬೈಕಿನ ಮೇಲೆ ಮೂವರು ಕುಳಿತು ಹೊರಟ ಅಮಲಿನ ಪಯಣಕ್ಕೆ ಆ ಖಾತ್ರಿಯಿಲ್ಲ. ಕೂಟ ಏರ್ಪಡಿಸುವವರು ತಿಂಡಿಯ ಲೆಕ್ಕ ಹಾಕುವಾಗಲೇ ಆಟೋ ಟ್ಯಾಕ್ಸಿಗಳ ಲೆಕ್ಕವನ್ನೂ ಹಾಕಬೇಕು. ಜೊತೆಯಾಗಿ ಬಂದವರು ಜೊತೆಯಾಗಿ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಬಂಡಿ ಕಟ್ಟಿದವರು ಹಿಂದಿರುಗುವಾಗ ತಲೆ ಎಣಿಸದೆ ಎತ್ತು ಹೂಡುತ್ತಿರಲಿಲ್ಲ.

ಸಂತೋಷದ ಮಾತನ್ನು ಕೊನೆಗೆ ಉಳಿಸಿಕೊಂಡೆ. ಅಂಜುಬುರುಕ ಹೊಸಬನಿಗೆ ಕೂಟದಲ್ಲಿ ಅತ್ಯಂತ ಕಷ್ಟವಾದದ್ದು ಸುಮ್ಮನೆ ನಿಂತಿರುವುದು. ಅವನನ್ನು ವೇದಿಕೆಗೆ ಎಳೆದು ಹಾಡು ಎನ್ನುವುದಕ್ಕಿಂತ, ಕೈಗೊಂದು ಕೆಲಸ ಕೊಡುವುದು ಮೇಲು. ಬೋಂಡದ ತಟ್ಟೆ ಹಿಡಿದು ನಾಲ್ಕು ಕಡೆ ಸುತ್ತಿ ಬಂದವನಿಗೆ ನಲವತ್ತು ಜನರ ಮುಖ ಪರಿಚಯವಾಗುತ್ತದೆ. ಅಂತ್ಯಾಕ್ಷರಿಯಲ್ಲಿ ಎರಡು ಗುಂಪು ಮಾಡಿದರೆ ಹಾಡಲಾರದವನೂ ಅಕ್ಷರ ಹುಡುಕಿ ಕೊಡುತ್ತಾನೆ. ಬೀದರದವನು ತನ್ನ ಮಾತಿನಲ್ಲಿ, ಕುಂದಾಪುರದವಳು ತನ್ನ ಮಾತಿನಲ್ಲಿ ಒಂದೇ ಕಥೆಯನ್ನು ಹೇಳಲಿ. ಅದಕ್ಕಿಂತ ನಗೆ ಬೇಕೆ? ಆ ನಗೆ ಪರಸ್ಪರ ಹಂಚಿಕೊಂಡದ್ದಾಗಿರಬೇಕು, ಒಬ್ಬರ ಉಚ್ಚಾರಣೆಯ ಮೇಲೆ ಕಟ್ಟಿದ್ದಾಗಬಾರದು. ಹೊಸಬನಿಗೂ ಒಂದು ಮಾತು: ಗೊತ್ತಿರುವ ಒಬ್ಬರ ಜೊತೆಯಲ್ಲಿ ಹೋಗು, ಎಲ್ಲಿರುವೆಯೆಂದು ಇನ್ನೊಬ್ಬರಿಗೆ ತಿಳಿಸಿರು, ಮನಸ್ಸು ಒಪ್ಪದಿದ್ದರೆ ಎದ್ದು ಬಾ. ಎದ್ದು ಬಂದವರಿಗೆ ಗೆಳೆಯರು ಸಿಗುವುದಿಲ್ಲವೆಂಬುದು ಸುಳ್ಳು. ಎದ್ದು ಬರಬೇಕೆಂದುಕೊಂಡು ಧೈರ್ಯ ಸಾಲದೆ ಕುಳಿತಿದ್ದ ಇನ್ನೊಬ್ಬರು ಸಾಮಾನ್ಯವಾಗಿ ಹಿಂದೆಯೇ ಬರುತ್ತಾರೆ.

ಹೊಸಬರು ಒಂದು ವರ್ಷದಲ್ಲಿ ಹಳಬರಾಗುತ್ತಾರೆ; ಅತಿಥಿಗಳಾಗಿ ಬಂದವರು ಬಡಿಸುವವರಾಗುತ್ತಾರೆ. ತಮಗೆ ಹೇಗೆ ಬಡಿಸಿದರೋ ಹಾಗೆಯೇ ಅವರೂ ಬಡಿಸುವುದು ವಾಡಿಕೆ. ಅವಮಾನದ ಪರಂಪರೆ ಬೆಳೆಯುವುದೂ ಹೀಗೆಯೇ, ಆದರದ ಪರಂಪರೆ ಬೆಳೆಯುವುದೂ ಹೀಗೆಯೇ. ಅದನ್ನು ಯಾವ ಕಡೆಗೆ ತಿರುಗಿಸಬೇಕೆಂಬುದು ಈ ವರ್ಷ ಸೌಟು ಹಿಡಿದವರ ಕೈಯಲ್ಲಿದೆ.