ಬಸ್ತಿಹಳ್ಳಿಯ ಕಂಬ ಮತ್ತು ಹೊರಗಿನ ಕೈ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ನೋಡಿದ ಶಾಲಾ ಪ್ರವಾಸದ ಮಕ್ಕಳು ಪಕ್ಕದ ಬಸ್ತಿಹಳ್ಳಿಗೂ ಹೋಗುವುದುಂಟು. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ. ಒಳಗಿನ ಬಳಪದ ಕಲ್ಲಿನ ಕಂಬಗಳಿಗೆ ಕನ್ನಡಿಯಂಥ ನುಣುಪು. ಎದುರು ನಿಂತ ಮಕ್ಕಳು ತಮ್ಮ ಬಿಂಬ ನೋಡಿ ನಗುತ್ತಾರೆ. ದಪ್ಪಗಿದ್ದವನು ಅಲ್ಲಿ ಕಡ್ಡಿಯಂತೆ ಕಾಣುತ್ತಾನೆ.

ಇದರಲ್ಲಿ ಮಾಯೆಯೇನೂ ಇಲ್ಲ. ದುಂಡು ಕಂಬವೆಂದರೆ ಒಂದು ಪೀನ ದರ್ಪಣ. ಅದು ಬಿಂಬವನ್ನು ಅಡ್ಡಲಾಗಿ ಕುಗ್ಗಿಸುತ್ತದೆ, ಉದ್ದವನ್ನು ಹಾಗೆಯೇ ಬಿಡುತ್ತದೆ. ಕಂಬ ಇಲ್ಲದ ಆಳನ್ನು ಸೃಷ್ಟಿಸುವುದಿಲ್ಲ. ಎದುರಿಗೆ ಇದ್ದವನನ್ನೇ ಬೇರೆಯಾಗಿ ತೋರಿಸುತ್ತದೆ. ಒಂದು ದೇಶದ ರಾಜಕೀಯದಲ್ಲಿ ಹೊರಗಿನವರು ಕೈಯಾಡಿಸುವ ಬಗೆಯೂ ಹೀಗೆಯೇ. ಅವರು ಜಗಳವನ್ನು ಹೊಸದಾಗಿ ಹುಟ್ಟಿಸುವುದು ಕಡಿಮೆ. ಇದ್ದ ಜಗಳವನ್ನೇ ಹಿಗ್ಗಿಸುತ್ತಾರೆ.

ಈ ಬಸದಿ ನಿಂತಿರುವ ಊರೇ ಅದಕ್ಕೆ ಸಾಕ್ಷಿ. ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. 1310ರ ಸುಮಾರಿಗೆ ತಮಿಳುನಾಡಿನ ಪಾಂಡ್ಯರ ಮನೆಯಲ್ಲಿ ಸುಂದರ ಪಾಂಡ್ಯ, ವೀರ ಪಾಂಡ್ಯ ಎಂಬ ಸೋದರರಿಗೆ ಸಿಂಹಾಸನದ ಜಗಳ ಹತ್ತಿತು. ಅದರ ಲಾಭ ಪಡೆಯಲು ಮೂರನೆಯ ವೀರಬಲ್ಲಾಳ ಸೈನ್ಯದೊಡನೆ ದಕ್ಷಿಣಕ್ಕೆ ಹೋದ. ಇತ್ತ ರಾಜಧಾನಿ ಬರಿದಾಗಿದೆ ಎಂದು ತಿಳಿದ ಅಲ್ಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫೂರ್ 1311ರ ಫೆಬ್ರವರಿಯಲ್ಲಿ ದೋರಸಮುದ್ರದ ಬಾಗಿಲಿಗೆ ಬಂದು ನಿಂತ. ಬಲ್ಲಾಳ ಧಾವಿಸಿ ಹಿಂದಿರುಗಿದರೂ ಸಂಪತ್ತು ಒಪ್ಪಿಸಿ ಸಂಧಿ ಮಾಡಿಕೊಳ್ಳಬೇಕಾಯಿತು. ಪಾಂಡ್ಯರ ನಾಡೂ ಉಳಿಯಲಿಲ್ಲ; ಕಾಫೂರ್ ಅಲ್ಲಿಗೂ ಹೋದ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತು ಇಲ್ಲಿ ಎರಡು ಸಲ ನಿಜವಾಯಿತು.

ಅದು ರಾಜರ ಕಾಲ. ಪ್ರಜಾಪ್ರಭುತ್ವದಲ್ಲಿ ಸಿಂಹಾಸನ ಇರುವುದು ಮತದಾರನ ಮನಸ್ಸಿನಲ್ಲಿ. ಆದ್ದರಿಂದ ಮುತ್ತಿಗೆಯೂ ಅಲ್ಲಿಗೇ.

2016ರ ಮೇ 21ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಎರಡು ಗುಂಪುಗಳು ಎದುರುಬದುರಾಗಿ ನಿಂತು ಘೋಷಣೆ ಕೂಗಿದವು. ಒಂದು ಗುಂಪನ್ನು ಕರೆದದ್ದು ಮುಸ್ಲಿಮರ ವಿರುದ್ಧದ ಫೇಸ್‌ಬುಕ್ ಪುಟ, ಇನ್ನೊಂದನ್ನು ಕರೆದದ್ದು ಮುಸ್ಲಿಮರ ಪರವಾದ ಪುಟ. ಎರಡನ್ನೂ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆ ಎಂಬುದು 2017ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆಯಲ್ಲಿ ಹೊರಬಿತ್ತು. ಇದಕ್ಕೆ ತಗುಲಿದ ಜಾಹೀರಾತಿನ ಖರ್ಚು ಸುಮಾರು 200 ಡಾಲರ್ ಮಾತ್ರ. ಬೀದಿಗೆ ಬಂದವರು ಬಾಡಿಗೆ ಜನರಲ್ಲ, ಆ ನಾಡಿನವರೇ. ಅವರ ಸಿಟ್ಟು ನಿಜವಾದದ್ದು; ಅದನ್ನು ಊದಿದ ಬಾಯಿ ಮಾತ್ರ ಬೇರೆ.

ಇಂಥ ಸಿಟ್ಟಿನ ಮೇಲೆಯೇ ಜನಮರುಳು ರಾಜಕಾರಣ ಬೆಳೆಯುತ್ತದೆ. ಬಡವರಿಗೆ ಅಕ್ಕಿ ಕೊಡುವುದೇ ಜನಮರುಳು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 1982ರಲ್ಲಿ ತಮಿಳುನಾಡು ಶಾಲಾ ಮಕ್ಕಳಿಗೆ ವಿಸ್ತಾರವಾಗಿ ಬಿಸಿಯೂಟ ಕೊಡತೊಡಗಿದಾಗಲೂ ಅದನ್ನು ಓಟಿನ ಆಟ ಎಂದವರಿದ್ದರು. 2001ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳೂ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಯೋಜನೆಗೆ ಲೆಕ್ಕವಿದ್ದರೆ, ಅದನ್ನು ಪ್ರಶ್ನಿಸಲು ಅವಕಾಶವಿದ್ದರೆ ಅದು ಆಡಳಿತ. 'ಜನರೆಂದರೆ ನಾನೊಬ್ಬನೇ, ನನ್ನನ್ನು ಪ್ರಶ್ನಿಸುವ ನ್ಯಾಯಾಲಯ, ಪತ್ರಿಕೆ, ವಿರೋಧ ಪಕ್ಷಗಳೆಲ್ಲ ಜನದ್ರೋಹಿಗಳು' ಎನ್ನುವುದೇ ನಿಜವಾದ ಜನಮರುಳು.

ಇದಕ್ಕೆ ಮದ್ದೂ ಸುಲಭವಲ್ಲ. ರೊಮೇನಿಯಾದಲ್ಲಿ 2024ರ ನವೆಂಬರಿನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ, ಪ್ರಚಾರಕ್ಕೆ ಖರ್ಚೇ ಮಾಡಿಲ್ಲವೆಂದ ಕೆಲಿನ್ ಜಾರ್ಜೆಸ್ಕು ಟಿಕ್‌ಟಾಕ್‌ನ ಅಲೆಯ ಮೇಲೆ ಮುಂದೆ ಬಂದರು. ಹೊರಗಿನ ಕೈಯ ಶಂಕೆಯ ನಡುವೆ ಡಿಸೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ಚುನಾವಣೆಯನ್ನೇ ರದ್ದುಮಾಡಿತು. 'ನಮ್ಮ ಓಟು ಕಸಿದರು' ಎಂಬ ಕೂಗೆದ್ದಿತು. 2025ರ ಮೇ ತಿಂಗಳ ಮರುಚುನಾವಣೆಯಲ್ಲಿ ಅದೇ ಧಾಟಿಯ ಇನ್ನೊಬ್ಬ ನಾಯಕ ಮೊದಲ ಸುತ್ತಿನಲ್ಲಿ ಮುಂದೆ ಬಂದು ಎರಡನೆಯದರಲ್ಲಿ ಸೋತರು. ಕೊನೆಯ ತೀರ್ಪು ಮತದಾರನದೇ ಆಯಿತು.

ಭಾರತಕ್ಕೂ ಈ ವಿಷಯ ಹೊಸದಲ್ಲ. 'ವಿದೇಶಿ ಕೈವಾಡ' ಎಂಬ ಮಾತು 1970ರ ದಶಕದಲ್ಲಿ ಇಂದಿರಾ ಗಾಂಧಿಯವರಿಂದ ಮನೆಮಾತಾಯಿತು. ಅದು ಬರೀ ಭ್ರಮೆಯೂ ಅಲ್ಲ. ಅಮೆರಿಕದ ರಾಯಭಾರಿಯಾಗಿದ್ದ ಮೊಯ್ನಿಹಾನ್ ತಮ್ಮ ದೇಶ ಕೇರಳ, ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟರ ವಿರುದ್ಧ ಎರಡು ಸಲ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತೆಂದು 1978ರ ಪುಸ್ತಕದಲ್ಲಿ ಬರೆದರು. ವಿದೇಶಿ ಹಣ ತಡೆಯುವ ಕಾಯಿದೆ 1976ರಲ್ಲೇ ಬಂದಿತ್ತು. ಆದರೆ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಅದನ್ನು ಮುರಿದಿವೆ ಎಂದು 2014ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಬಳಿಕ ಸಂಸತ್ತು 2016ರಲ್ಲಿ 'ವಿದೇಶಿ ಮೂಲ'ದ ಅರ್ಥವನ್ನೇ ಸಡಿಲಿಸಿತು. 2018ರಲ್ಲಿ ಆ ಸಡಿಲಿಕೆಯನ್ನು 1976ರಿಂದಲೇ ಅನ್ವಯಿಸಿತು. ಬೇಲಿ ಕಟ್ಟಿದವರೇ ಬೇಲಿ ಸರಿಸಿದರು.

ಹೀಗಾಗಿ ಎರಡು ಎಚ್ಚರ ಬೇಕು. ಹೊರಗಿನ ಕೈ ನಿಜವಿರಬಹುದು. ಅದಕ್ಕೆ ಪುರಾವೆ ಕೇಳಬೇಕು. ಪುರಾವೆಯಿಲ್ಲದೆ ಎದುರಾಳಿಯನ್ನೆಲ್ಲ ಹೊರಗಿನವರ ಏಜೆಂಟ್ ಎನ್ನುವುದೂ ಜನಮರುಳಿನ ಹಳೆಯ ಅಸ್ತ್ರವೇ.

1989ರಿಂದ ಮತದಾನದ ವಯಸ್ಸು 18. ಇಂದು ಹತ್ತನೇ ತರಗತಿಯಲ್ಲಿರುವ ಮಗು ಇನ್ನು ಎರಡು ಮೂರು ವರ್ಷಕ್ಕೆ ಮತದಾರ. ಅದರ ಪಾಠ ಈಗಾಗಲೇ ಮನೆಯ ವಾಟ್ಸಾಪಿನಲ್ಲಿ ಶುರುವಾಗಿದೆ. ಯಾವುದೋ ಜಾತಿ, ಯಾವುದೋ ಧರ್ಮದ ಮೇಲೆ ಸಿಟ್ಟು ಬರಿಸುವ ಸಂದೇಶ ಬಂದಾಗ ಅಪ್ಪ ಅಮ್ಮ ಅದನ್ನು ಕೂಡಲೇ ಮುಂದಕ್ಕೆ ಕಳಿಸಿದರೆ ಮಗು ಅದನ್ನೇ ಕಲಿಯುತ್ತದೆ. ಇದನ್ನು ಬರೆದವರು ಯಾರು? ಮೂಲ ಎಲ್ಲಿದೆ? ಇದರಿಂದ ಯಾರಿಗೆ ಲಾಭ? ಈ ಮೂರು ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಒಟ್ಟಿಗೆ ಕುಳಿತು ಕೇಳಿದರೆ ಪೌರನೀತಿಯ ಅರ್ಧ ಪಾಠ ಮುಗಿದಂತೆ.

ಬಸ್ತಿಹಳ್ಳಿಯ ಮಕ್ಕಳು ಕಂಬದಲ್ಲಿ ಗೆಳೆಯನ ವಿಚಿತ್ರ ಬಿಂಬ ಕಂಡ ಮೇಲೆ ಸುಮ್ಮನಿರುವುದಿಲ್ಲ. ಪಕ್ಕಕ್ಕೆ ತಿರುಗಿ ಗೆಳೆಯನನ್ನೇ ನೋಡುತ್ತಾರೆ. ಅವನು ಇದ್ದಂತೆಯೇ ಇರುತ್ತಾನೆ. ದೊಡ್ಡವರೂ ಅಷ್ಟು ಮಾಡಿದರೆ ಸಾಕು.