ಪಾಸಿನ ಗಡಿಯಾರ, ಮಗುವಿನ ಗಡಿಯಾರ

ಹೋಟೆಲಿನಲ್ಲಿ ಫುಲ್ ಮೀಲ್ಸ್ ಕೂಪನ್ ಕೊಂಡವರು ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳುವುದುಂಟು. ಕೊಟ್ಟ ದುಡ್ಡು ವಸೂಲಾಗಬೇಕಲ್ಲ! ಆದರೆ ಪಕ್ಕದಲ್ಲಿ ಕುಳಿತ ಐದು ವರ್ಷದ ಮಗನಿಗೂ ಅದೇ ಕೂಪನ್ ಕೊಂಡು, ‘ದುಡ್ಡು ಕೊಟ್ಟಾಗಿದೆ, ತಿನ್ನು’ ಎಂದು ತುರುಕಿದರೆ ಹೇಗೆ? ಊಟದ ವಿಷಯದಲ್ಲಿ ಯಾವ ತಂದೆ ತಾಯಿಯೂ ಹೀಗೆ ಮಾಡುವುದಿಲ್ಲ. ಪ್ರವಾಸದ ವಿಷಯದಲ್ಲಿ ಮಾತ್ರ ಬಹಳ ಮಂದಿ ಮಾಡುತ್ತಾರೆ.

ಜಗತ್ತಿನ ದೊಡ್ಡ ನಗರಗಳಲ್ಲಿ ಪ್ರವಾಸಿಗಳಿಗೆಂದು ‘ಸಿಟಿ ಪಾಸ್’ಗಳಿವೆ. ಒಮ್ಮೆ ಹಣ ಕಟ್ಟಿದರೆ ಕೋಟೆ, ಅರಮನೆ, ಮೃಗಾಲಯ, ಮ್ಯೂಸಿಯಂ ಎಂದು ಹತ್ತಾರು ಬಾಗಿಲುಗಳು ತೆರೆಯುತ್ತವೆ. ಮಗನೋ ಮಗಳೋ ಲಂಡನ್ನಿನಲ್ಲಿ ಕೆಲಸದಲ್ಲಿರುವ ಕುಟುಂಬಗಳು ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೊಡನೆ ಊರು ನೋಡಲು ಹೊರಟಾಗ ಮೊದಲು ಏಳುವ ಪ್ರಶ್ನೆ ಇದೇ: ಪಾಸು ಕೊಳ್ಳುವುದೇ, ಬೇಡವೇ?

ಗಡಿಯಾರ ಮೂರು ಬಗೆ

ಪಾಸು ಕೊಳ್ಳುವ ಮುನ್ನ ಅದರ ಗಡಿಯಾರ ಹೇಗೆ ಓಡುತ್ತದೆ ಎಂಬುದನ್ನು ತಿಳಿಯಬೇಕು. ಲಂಡನ್ ಪಾಸು ಕ್ಯಾಲೆಂಡರಿನ ದಿನಗಳನ್ನು ಎಣಿಸುತ್ತದೆ. ಸಂಜೆ ನಾಲ್ಕಕ್ಕೆ ಮೊದಲ ಬಾಗಿಲು ದಾಟಿದರೂ ಒಂದು ಪೂರ್ಣ ದಿನ ಕಳೆದಂತೆಯೇ. ಪ್ಯಾರಿಸ್ಸಿನ ಮ್ಯೂಸಿಯಂ ಪಾಸು ಗಂಟೆಗಳನ್ನು ಎಣಿಸುತ್ತದೆ: 48, 96 ಅಥವಾ 144 ಗಂಟೆ. ಅಲ್ಲಿ ಸಂಜೆ ನಾಲ್ಕಕ್ಕೆ ಆರಂಭಿಸಿದರೆ ನಷ್ಟವಿಲ್ಲ. ನ್ಯೂಯಾರ್ಕಿನ ಸಿಟಿಪಾಸ್ ಮುಖ್ಯವಾಗಿ ಸ್ಥಳಗಳನ್ನು ಎಣಿಸುತ್ತದೆ: ಐದು ಸ್ಥಳ, ನೋಡಲು ಒಂಬತ್ತು ದಿನ. ಚಿಕ್ಕ ಮಕ್ಕಳಿರುವವರಿಗೆ ಈ ಮೂರನೆಯ ಬಗೆಯೇ ಹೆಚ್ಚು ಒಗ್ಗುತ್ತದೆ. ಮಗುವಿಗೆ ಜ್ವರ ಬಂದು ಒಂದು ದಿನ ಮನೆಯಲ್ಲೇ ಉಳಿದರೂ ಪಾಸಿಗೆ ಜ್ವರ ಬರುವುದಿಲ್ಲ!

ಒಂದು ಸರಳ ಲೆಕ್ಕ

ಲೆಕ್ಕಕ್ಕಾಗಿ ಒಂದು ದಿನದ ಪಾಸಿನ ಬೆಲೆ 100, ಪ್ರತಿ ಬಾಗಿಲಿನ ಬಿಡಿ ಟಿಕೆಟು 30 ಎಂದು ಇಟ್ಟುಕೊಳ್ಳಿ. ಮೂರು ಬಾಗಿಲಿಗೆ 90, ಪಾಸು ನಷ್ಟ. ನಾಲ್ಕಕ್ಕೆ 120, ಪಾಸು ಲಾಭ. ಅಂದರೆ ದಿನಕ್ಕೆ ನಾಲ್ಕು ಸ್ಥಳ ನೋಡಿದರೆ ಮಾತ್ರ ಪಾಸು ಕೊಂಡದ್ದು ಸಾರ್ಥಕ.

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಏಳು ಗಂಟೆ ಸಿಗುತ್ತದೆ. ಇಬ್ಬರು ದೊಡ್ಡವರು ಮಾತ್ರ ಹೊರಟರೆ ಊಟಕ್ಕೆ ಅರ್ಧ ಗಂಟೆ, ಸ್ಥಳದಿಂದ ಸ್ಥಳಕ್ಕೆ ಮೂರು ಓಡಾಟಕ್ಕೆ ತಲಾ 40 ನಿಮಿಷದಂತೆ ಎರಡು ಗಂಟೆ. ಉಳಿದ ನಾಲ್ಕೂವರೆ ಗಂಟೆಯಲ್ಲಿ ಒಂದೊಂದು ಸ್ಥಳಕ್ಕೂ ಗಂಟೆಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಕಷ್ಟಪಟ್ಟರೆ ಸಾಧ್ಯ.

ಈಗ ಐದು ವರ್ಷದ ಮಗುವನ್ನು ಸೇರಿಸಿ. ಊಟಕ್ಕೆ ಒಂದು ಗಂಟೆ. ಶೌಚ, ಬಾಯಾರಿಕೆ, ‘ಕಾಲು ನೋವು, ಎತ್ತಿಕೋ’ ಎಂಬ ಹಟಕ್ಕೆ ಇನ್ನೊಂದು ಗಂಟೆ. ತಳ್ಳುಗಾಡಿಯೊಡನೆ ಲಿಫ್ಟ್ ಹುಡುಕಿಕೊಂಡು ಮಾಡುವ ಒಂದೇ ಪ್ರಯಾಣಕ್ಕೆ ಮತ್ತೊಂದು. ಉಳಿದದ್ದು ನಾಲ್ಕು ಗಂಟೆ. ನೆಮ್ಮದಿಯಾಗಿ ನೋಡಬಹುದಾದದ್ದು ಎರಡು ಸ್ಥಳ. ಬಿಡಿ ಟಿಕೆಟಿಗೆ 60 ಸಾಕಿತ್ತು. ಪಾಸಿಗೆ ಕೊಟ್ಟದ್ದು 100. ನಗರ ಯಾವುದಾದರೂ ಆಗಲಿ, ಅಲ್ಲಿಯ ನಿಜವಾದ ದರಗಳನ್ನು ಹಾಕಿ ಈ ಲೆಕ್ಕ ಮಾಡಲು ಹತ್ತು ನಿಮಿಷ ಸಾಕು. ಏಳನೆಯ ತರಗತಿಯ ಮಕ್ಕಳಿಗೇ ಇದನ್ನು ವಹಿಸಬಹುದು.

ಪಾಸೇ ಬೇಡದ ಬಾಗಿಲುಗಳು

ಇನ್ನೊಂದು ವಿಷಯ ಎಷ್ಟೋ ಮಂದಿಯ ಗಮನಕ್ಕೆ ಬರುವುದಿಲ್ಲ. ಮಕ್ಕಳು ಅತಿಯಾಗಿ ಮೆಚ್ಚುವ ಕೆಲವು ತಾಣಗಳಿಗೆ ಲಂಡನ್ನಿನಲ್ಲಿ ಟಿಕೆಟ್ಟೇ ಇಲ್ಲ. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳಲ್ಲಿ 2001ರ ಡಿಸೆಂಬರ್‌ನಿಂದ ಪ್ರವೇಶ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಹಣ. ಸೌತ್ ಕೆನ್ಸಿಂಗ್ಟನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ 1969ರ ಮೇ ತಿಂಗಳಲ್ಲಿ ಮೂವರನ್ನು ಹೊತ್ತು ಚಂದ್ರನನ್ನು ಸುತ್ತಿ ಬಂದ ಅಪೋಲೊ 10 ನೌಕೆಯ ಕೋಶವನ್ನೇ ಕಾಣಬಹುದು. ಪಕ್ಕದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ನಡುಮನೆಯಲ್ಲಿ 25.2 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ 2017ರಿಂದ ತೂಗಾಡುತ್ತಿದೆ.

ಸಾರಿಗೆಯಲ್ಲೂ ಹೀಗೆಯೇ. ಹನ್ನೊಂದು ವರ್ಷದೊಳಗಿನ ನಾಲ್ವರು ಮಕ್ಕಳವರೆಗೆ, ಹಣ ಕೊಟ್ಟು ಪ್ರಯಾಣಿಸುವ ಒಬ್ಬ ಹಿರಿಯರೊಡನೆ ನೆಲದಡಿಯ ರೈಲಿನಲ್ಲಿ ಉಚಿತವಾಗಿ ಹೋಗಬಹುದು. ಕೊಹಿನೂರ್ ವಜ್ರವಿರುವ ಲಂಡನ್ ಟವರ್‌ಗೆ ದೊಡ್ಡವರು ಹಣ ಕೊಡಬೇಕು; ಐದು ತುಂಬದ ಮಗುವಿಗೆ ಅಲ್ಲಿಯೂ ಟಿಕೆಟಿಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಹದಿನೆಂಟರ ಕೆಳಗಿನವರಿಗೆ ಪ್ರವೇಶ ಉಚಿತ. ಆದ್ದರಿಂದ ಅಪ್ಪ ಅಮ್ಮ ಪಾಸು ಕೊಂಡರೆಂದು ಮಗುವಿಗೂ ಕೊಳ್ಳಬೇಕಿಲ್ಲ. ಪಾಸು ಇದ್ದರೂ ಲೂವ್ರ್‌ನಂಥ ಕಡೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕೆಂಬುದೂ ನೆನಪಿರಲಿ.

ಕನ್ನಡಿಗರಿಗೆ ಲಂಡನ್ನಿನಲ್ಲಿ ಇನ್ನೊಂದು ಉಚಿತ ತಾಣವಿದೆ. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ನಿಂತಿದೆ. ಅದು ಅನಾವರಣಗೊಂಡದ್ದು 2015ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ.

ಹಾಗಾದರೆ ಪಾಸು ಯಾರಿಗೆ? ಹತ್ತು ಹನ್ನೆರಡು ದಾಟಿದ, ದಿನವಿಡೀ ನಡೆಯಬಲ್ಲ ಮಕ್ಕಳಿರುವವರಿಗೆ. ಹಣ ಕೇಳುವ ತಾಣಗಳನ್ನೇ ಮೊದಲು ಆಯ್ದುಕೊಂಡವರಿಗೆ. ಅಂಥವರು ಆ ತಾಣಗಳನ್ನೆಲ್ಲ ಎರಡು ದಿನಕ್ಕೆ ಒಟ್ಟುಗೂಡಿಸಿ, ಆ ಎರಡು ದಿನಕ್ಕೆ ಮಾತ್ರ ಪಾಸು ಕೊಂಡರೆ ಹಣ ಉಳಿಯುತ್ತದೆ.

ಹೋದ ಹಣ ಹೋಯಿತು

ಇಷ್ಟೆಲ್ಲ ಲೆಕ್ಕ ಹಾಕಿದರೂ ಎಡವುವುದು ಒಂದು ಕಡೆ. ಮಗು ತಿಮಿಂಗಿಲದ ಕೆಳಗೆ ನಿಂತಿದೆ. ‘ಇದಕ್ಕೆ ಕಾಲು ಯಾಕಿಲ್ಲ?’ ಎಂದು ಕೇಳುತ್ತದೆ. ಅಪ್ಪ ಕೈಗಡಿಯಾರ ನೋಡಿ, ‘ನಡಿ ನಡಿ, ಪಾಸು ಇವತ್ತಿಗೇ ಮುಗಿಯುತ್ತೆ, ಇನ್ನೂ ಎರಡು ಜಾಗ ಬಾಕಿ’ ಎಂದು ಕೈ ಹಿಡಿದು ಎಳೆಯುತ್ತಾರೆ. ಮುಂದಿನ ಎರಡು ಜಾಗದಲ್ಲಿ ಮಗು ಅಳುತ್ತದೆ ಅಥವಾ ಹೆಗಲ ಮೇಲೆ ನಿದ್ರೆ ಮಾಡುತ್ತದೆ. ದುಡ್ಡು ವಸೂಲಾಯಿತೆ?

ಪಾಸಿಗೆ ಕೊಟ್ಟ ಹಣ ಮುಂದಿನ ಜಾಗಕ್ಕೆ ಹೋದರೂ ಮರಳುವುದಿಲ್ಲ, ಹೋಗದಿದ್ದರೂ ಮರಳುವುದಿಲ್ಲ. ಮರಳಿ ಬಾರದ ಇನ್ನೊಂದು ವಸ್ತು ಆ ಪ್ರಶ್ನೆ. ಅದಕ್ಕೆ ಉತ್ತರ ಅಲ್ಲಿಯೇ ಇತ್ತು: ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆದಾಡಿದ ಪ್ರಾಣಿಗಳು, ಮುಂಗಾಲು ಈಜುರೆಕ್ಕೆಯಾಯಿತು, ಹಿಂಗಾಲಿನ ಗುರುತಾಗಿ ಸೊಂಟದ ಬಳಿ ಚಿಕ್ಕ ಎಲುಬು ಮಾತ್ರ ಉಳಿಯಿತು. ಮಗುವಿಗೆ ಅಳೆಯಲು ಹೇಳಬಹುದಿತ್ತು: ಅರ್ಧ ಮೀಟರಿನ ಹೆಜ್ಜೆಯಾದರೆ ಮೂತಿಯಿಂದ ಬಾಲಕ್ಕೆ ಸುಮಾರು ಐವತ್ತು ಹೆಜ್ಜೆ. ಆ ಐವತ್ತು ಹೆಜ್ಜೆ ಮಗುವಿಗೆ ಬಹುಕಾಲ ನೆನಪಿರುತ್ತಿತ್ತು.

ಲಂಡನ್ನಿಗೆ ಹೋಗದವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಬೆಂಗಳೂರು ನೋಡಲು ಬರುವವರಿಗೆ ಬಿಎಂಟಿಸಿಯ ದಿನದ ಪಾಸು ಇದೆ. ಆದರೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ತಾಯಂದಿರಿಗೆ, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಪಾಸು ಬೇಕಾದರೆ ಅಪ್ಪನಿಗೊಂದು ಸಾಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಬೆಳಿಗ್ಗೆ, ಜವಾಹರಲಾಲ್ ನೆಹರೂ ತಾರಾಲಯ ಮಧ್ಯಾಹ್ನ, ನಡುವೆ ಊಟ, ಕಬ್ಬನ್ ಪಾರ್ಕಿನ ಮರದಡಿ ವಿಶ್ರಾಂತಿ. ಅಷ್ಟಕ್ಕೇ ದಿನ ತುಂಬುತ್ತದೆ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಮುಂದಿನ ಪ್ರವಾಸಕ್ಕೆ ಹೊರಡುವ ಮುನ್ನ ಖರ್ಚಿನ ಪಟ್ಟಿ ನೀವೇ ಬರೆಯಿರಿ. ಅದರಲ್ಲಿ ತಮ್ಮ ತಂಗಿಯರ ನಿದ್ರೆಗೂ ಒಂದು ಗಂಟೆ ಮೀಸಲಿಡಿ. ಪಾಲಕರಿಗೂ ಒಂದು ಕೆಲಸವಿದೆ: ಮಗು ಒಂದು ಕಡೆ ನಿಂತು ಪ್ರಶ್ನೆ ಕೇಳಿದರೆ ಕೈಗಡಿಯಾರ ನೋಡಬೇಡಿ.