ಆರೋಗ್ಯ ಭಾಗ್ಯ: ಗ್ಲಾಕೋಮಾ ಆಪರೇಷನ್ ಏಕೆ?

ಇಲ್ಲಿ ಮುಂಬಯಿಯ ಆಸ್ಪತ್ರೆಗಳಲ್ಲಿ ‘ಕಾಚಬಿಂದು’ ಎಂದರೆ ಗ್ಲಾಕೋಮಾ. ‘ಮೋತಿಬಿಂದು’ ಎಂದರೆ ಕಣ್ಣಿನ ಪೊರೆ. ಎರಡೂ ಒಂದೇ ಎಂದುಕೊಂಡ ಹಿರಿಯರು ಆಪರೇಷನ್ ಆದೊಡನೆ ನೋಟ ಮರಳುತ್ತದೆಂದು ಕಾಯುತ್ತಾರೆ. ಯುವಮಿತ್ರರೇ, ವ್ಯತ್ಯಾಸವನ್ನು ಅವರಿಗೆ ಮೊದಲೇ ತಿಳಿಯಹೇಳಿ.

ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಕಣ್ಣೊಳಗಿನ ದ್ರವ ಸರಿಯಾಗಿ ಹರಿದುಹೋಗದೆ ಒತ್ತಡ ಏರಿ, ದೃಷ್ಟಿನರ ಸವೆಯುತ್ತದೆ. ಹನಿಮದ್ದು, ಲೇಸರ್ ಸಾಲದಾದಾಗ ‘ಟ್ರಬೆಕ್ಯುಲೆಕ್ಟಮಿ’ ಮಾಡುತ್ತಾರೆ: ಮೇಲ್ರೆಪ್ಪೆಯಡಿ, ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ದಾರಿ ಮಾಡಿ ದ್ರವವನ್ನು ಹೊರಬಿಡುತ್ತಾರೆ. ಗಾಯ ಮಾಯ್ದು ಆ ದಾರಿಯೇ ಮುಚ್ಚದಿರಲೆಂದು ಮೈಟೊಮೈಸಿನ್ ಔಷಧಿ ಹಚ್ಚುವುದುಂಟು. ಹೋದ ದೃಷ್ಟಿ ಇದರಿಂದ ಬಾರದು. ಉಳಿದದ್ದನ್ನು ಕಾಪಾಡುವುದೇ ಉದ್ದೇಶ. ಆಮೇಲೆ ಕಣ್ಣು ಕೆಂಪಾಗಿ ನೋವು, ಕೀವು, ಮಸುಕು ಕಂಡರೆ, ವರ್ಷಗಳ ನಂತರವಾದರೂ ಸರಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ತಂದೆ-ತಾಯಿಗೆ ಈ ರೋಗವಿದ್ದರೆ ನಿಮ್ಮ ಕಣ್ಣನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಬಹುತೇಕ ಗ್ಲಾಕೋಮಾ ಆರಂಭದಲ್ಲಿ ನೋವಾಗಲಿ, ಸುಳಿವಾಗಲಿ ಕೊಡುವುದಿಲ್ಲ.